ನನ್ನ ಸನ್ಮಾನ ಪತ್ರವನ್ನು ನಾನೇ ಬರೆದದ್ದು

ನಮ್ಮ ಜಿಲ್ಲೆಯಲ್ಲಿ ಒಬ್ಬ ಮನುಷ್ಯ ನಲವತ್ತು ದಾಟಿಯೂ ಒಂದೇ ಒಂದು ಸಲ ಶಾಲು ಹೊದೆಸಿಕೊಳ್ಳದೆ ಉಳಿದಿದ್ದಾನೆ ಎಂದರೆ ಅವನಲ್ಲಿ ಏನೋ ಐಬು ಇರಬೇಕು ಎಂದು ಜನ ಅನುಮಾನಿಸುತ್ತಾರೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಲ್ಲಿ ಬಸ್ಸಿನಿಂದ ಇಳಿದರೂ ಅಲ್ಲೊಂದು ಯುವಕ ಮಂಡಲ, ಅದಕ್ಕೊಂದು ವಾರ್ಷಿಕೋತ್ಸವ, ಅದರ ವೇದಿಕೆಯಲ್ಲಿ ತಲೆಗೆ ಪೇಟ, ಕುತ್ತಿಗೆಗೆ ಹಾರ, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಬೆವರುತ್ತಿರುವ ಒಬ್ಬ ಸಾಧಕರು ಇದ್ದೇ ಇರುತ್ತಾರೆ. ನಿವೃತ್ತ ಮಾಸ್ತರರಿಗೆ ಆಗಿದೆ, ಚೆಂಡೆ ಬಾರಿಸುವವರಿಗೆ ಆಗಿದೆ, ಹಾವು ಹಿಡಿಯುವವರಿಗೆ ಆಗಿದೆ. ನಮ್ಮ ಮನೆಯ ಎದುರಿನ ಟೈಲರ್‌ಗೆ ಮೂರು ಸಲ ಆಗಿದೆ. ಮೂರು ಸಲವೂ ಆ ಶಾಲಿನ ಅಂಚನ್ನು ಅವರ ಕೈಯಲ್ಲೇ ಹೊಲಿಸಿದ್ದರು ಎಂದು ನನ್ನ ಹೆಂಡತಿ ವಾರಿಜ ಹೇಳುತ್ತಾಳೆ. ನನಗೆ ಮಾತ್ರ ಆಗಿರಲಿಲ್ಲ. ನಲವತ್ತಮೂರನೆಯ ವಯಸ್ಸಿನವರೆಗೆ ನಾನು ಮೂರನೆಯ ಸಾಲಿನಲ್ಲಿ ಕುಳಿತು ಬೇರೆಯವರಿಗೆ ಚಪ್ಪಾಳೆ ತಟ್ಟಿದವನು. ಇದು ಹೊಟ್ಟೆಕಿಚ್ಚಿನ ಮಾತು ಎಂದು ನೀವು ಹೇಳಬಹುದು. ಹೌದು, ಹೊಟ್ಟೆಕಿಚ್ಚೇ.

ಈ ಸನ್ಮಾನಗಳಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ಗುಟ್ಟು ಇದೆ. ವೇದಿಕೆಯ ಮೇಲೆ ಗದ್ಗದ ಕಂಠದಲ್ಲಿ ಓದುತ್ತಾರಲ್ಲ, ಕಟ್ಟು ಹಾಕಿಸಿದ ಸನ್ಮಾನ ಪತ್ರ, ಅದನ್ನು ಬರೆಯುವವರು ಬೇರೆ ಯಾರೂ ಅಲ್ಲ, ಸನ್ಮಾನಿತರೇ. ಸಂಘದ ಕಾರ್ಯದರ್ಶಿ ಒಂದು ವಾರ ಮೊದಲು ಮನೆಗೆ ಬಂದು, ಚಾ ಕುಡಿದು, ಹೋಗುವಾಗ ಮೆಟ್ಟಿಲಲ್ಲಿ ನಿಂತು, "ನಿಮ್ಮ ಬಗ್ಗೆ ನಾಲ್ಕು ಸಾಲು ಬರೆದು ಕೊಡಿ ಮಾರಾಯ್ರೆ, ನಮಗೆ ಎಲ್ಲ ಗೊತ್ತಿರುವುದಿಲ್ಲ" ಎನ್ನುತ್ತಾರೆ. ಆ ನಾಲ್ಕು ಸಾಲು ನಲವತ್ತಾಗುತ್ತದೆ. ಅದನ್ನು ಓದುವಾಗ ಬರೆದವರೇ ತಲೆ ತಗ್ಗಿಸಿ, ಛೇ, ಇಷ್ಟೆಲ್ಲ ಹೊಗಳಬಾರದಿತ್ತು ಎಂಬ ಮುಖ ಮಾಡಿಕೊಂಡು ಕುಳಿತಿರಬೇಕು. ಹಾಗೆ ಕೂರುವುದು ಬಹಳ ಕಷ್ಟದ ಕೆಲಸ ಎಂದು ನಾನು ತಿಳಿದಿದ್ದೆ.

ನಾನು ಬಿ.ಸಿ.ರೋಡಿನಲ್ಲಿ ಒಂದು ಖಾಸಗಿ ಬಸ್ ಕಂಪೆನಿಯ ಮೇನೇಜರ್. ತೊಂಬತ್ತರ ದಶಕದಲ್ಲಿ ಬಿ.ಕಾಂ. ಹಿಡಿದುಕೊಂಡು ಗುಮಾಸ್ತನಾಗಿ ಸೇರಿದವನು, ನನಗಿಂತ ಹಿರಿಯರೆಲ್ಲ ಒಬ್ಬೊಬ್ಬರಾಗಿ ಗಲ್ಫಿಗೆ ಹೋದದ್ದರಿಂದ ಮೇನೇಜರ್ ಆದೆ. ನಮ್ಮ ಬಸ್ಸುಗಳು ಮೂಡುಬಿದಿರೆಗೆ, ಬೆಳ್ತಂಗಡಿಗೆ, ಪೊಳಲಿಗೆ ಓಡುತ್ತವೆ. ಧಣಿ ನೇಮಿರಾಜ ಹೆಗ್ಡೆಯವರು ಬೆಳ್ತಂಗಡಿ ಕಡೆಯ ಜೈನರು, ಮಾತು ಕಡಿಮೆ. ಬಸ್ ಸ್ಟೇಂಡಿನ ಎದುರಿನ ಕಟ್ಟಡದ ಮಾಳಿಗೆಯಲ್ಲಿ ನನ್ನ ಆಫೀಸು. ಅಲ್ಲಿ ಕುಳಿತು ನಾನು ಬಸ್ಸುಗಳನ್ನು ಓಡಿಸುತ್ತೇನೆ ಎಂದು ಬಹಳ ಜನ ನಂಬಿದ್ದರು. ಓಡಿಸುತ್ತಿದ್ದವರು ಕೆಳಗಿದ್ದ ಅಬ್ಬಾಸಾಕ.

ಅಬ್ಬಾಸಾಕ ಫರಂಗಿಪೇಟೆಯವರು, ನಮ್ಮ ಕಂಪೆನಿಯ ಸ್ಟೇಂಡ್ ಏಜೆಂಟ್. ಹೆಸರು ಅಬ್ಬಾಸ್, ಬ್ಯಾರಿ ಮುಸ್ಲಿಮರಲ್ಲಿ ಹಿರಿಯರ ಹೆಸರಿಗೆ 'ಆಕ' ಸೇರಿಸಿ ಕರೆಯುವ ಹಾಗೆ ಇಡೀ ಸ್ಟೇಂಡು ಅವರನ್ನು ಅಬ್ಬಾಸಾಕ ಎನ್ನುತ್ತಿತ್ತು. ಬಿಳಿ ಮುಂಡು, ಕೈಯಲ್ಲಿ ಒಂದು ಕೊಡೆ, ಬಾಯಲ್ಲಿ ಒಂದು ಸೀಟಿ. ಯಾವ ಬಸ್ಸು ಯಾವಾಗ ಹೊರಡಬೇಕು ಎಂಬುದು ಟೈಮ್‌ಟೇಬಲಿನಲ್ಲಿ ಇದೆ, ನಿಜ. ಆದರೆ ಪೊಳಲಿ ಬಸ್ಸಿನಲ್ಲಿ ಸಿದ್ಧಕಟ್ಟೆಯ ನರ್ಸಮ್ಮ ಬರುತ್ತಾರೆ, ಅವರು ಹತ್ತದೆ ಮೂಡುಬಿದಿರೆ ಬಸ್ಸು ಹೊರಡಬಾರದು ಎಂಬುದು ಟೈಮ್‌ಟೇಬಲಿನಲ್ಲಿ ಇಲ್ಲ. ಎದುರಿನಿಂದ ಬರುವ ಬಸ್ಸಿನ ಡ್ರೈವರ್ ಎರಡು ಬೆರಳು ತೋರಿಸಿದರೆ ಹಿಂದಿನ ಗಾಡಿ ಎರಡು ನಿಮಿಷ ದೂರದಲ್ಲಿ ಉಂಟು ಎಂದು ಅರ್ಥ. ಇಬ್ಬರು ಡ್ರೈವರ್‌ಗಳು ಒಂದೇ ಹೊತ್ತಿಗೆ ಹೊರಡಲು ಹಟ ಹಿಡಿದರೆ ಅಬ್ಬಾಸಾಕ ಒಬ್ಬನ ಹೆಗಲ ಮೇಲೆ ಕೈ ಹಾಕಿ, "ನೀನು ಚಾ ಕುಡಿಯದೆ ಎರಡು ಟ್ರಿಪ್ ಆಯ್ತಲ್ಲ ಮಾರಾಯ, ಹೋಗು" ಎನ್ನುತ್ತಿದ್ದರು. ಅವನು ಚಾ ಕುಡಿದು ಬರುವಷ್ಟರಲ್ಲಿ ಇನ್ನೊಬ್ಬ ಬಂಟ್ವಾಳ ಪೇಟೆ ದಾಟಿರುತ್ತಿದ್ದ. ಮೂವತ್ತು ವರ್ಷ ಹೀಗೇ ನಡೆದಿತ್ತು.

ಎರಡು ಸಾವಿರದ ಇಸವಿ ಕಳೆದ ಮೇಲೆ ಎಲ್ಲರಿಗೂ ಎಂ.ಬಿ.ಎ.ಯ ಹುಚ್ಚು ಹಿಡಿಯಿತು. ವಾರಿಜಳ ತಮ್ಮ ಮಾಡಿಕೊಂಡ, ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಸಿಕೊಂಡ, ನಮ್ಮ ಮನೆಗೆ ಬಂದಾಗಲೆಲ್ಲ ಒಂದು ಕಾರ್ಡನ್ನು ಟಿ.ವಿ.ಯ ಮೇಲೆ ಮರೆತು ಹೋಗತೊಡಗಿದ. ಅಂಥ ಐದು ಕಾರ್ಡು ಸೇರಿದ ಮೇಲೆ ನಾನು ಮೂಡುಬಿದಿರೆಯ ಒಂದು ಕಾಲೇಜಿಗೆ ಸೇರಿದೆ. ಉದ್ಯೋಗದಲ್ಲಿ ಇರುವವರಿಗಾಗಿ ಆದಿತ್ಯವಾರ ಮಾತ್ರ ತರಗತಿ. ನನ್ನ ಸಹಪಾಠಿಗಳಲ್ಲಿ ಗೇರುಬೀಜದ ಕಾರ್ಖಾನೆಯ ಸೂಪರ್‌ವೈಸರ್ ಒಬ್ಬರು, ಸಹಕಾರಿ ಸಂಘದ ಕಾರ್ಯದರ್ಶಿ ಒಬ್ಬರು. ಕಾರ್ಯದರ್ಶಿಗಳು ಮಧ್ಯಾಹ್ನದ ಊಟದ ನಂತರ ನಿದ್ದೆ ಮಾಡುತ್ತಿದ್ದರು. ಗೊರಕೆ ಬಂದಾಗ ಪ್ರೊಫೆಸರ್ ಕಾಮತರು ತಾವೇ ದನಿ ತಗ್ಗಿಸುತ್ತಿದ್ದರು. ಕಾಮತರು ನಮ್ಮ ವಿಭಾಗದ ಮುಖ್ಯಸ್ಥರು, ಸಜ್ಜನರು. ಕೊನೆಯ ವರ್ಷ ಪ್ರತಿಯೊಬ್ಬರೂ ತಮ್ಮ ಕೆಲಸದ ಜಾಗದ ಒಂದು ಸಮಸ್ಯೆಯನ್ನು ತೆಗೆದುಕೊಂಡು, ಅದನ್ನು ಬಗೆಹರಿಸಿ, ವರದಿ ಬರೆಯಬೇಕು ಎಂದರು.

ನನ್ನ ಕೆಲಸದ ಜಾಗದಲ್ಲಿ ಸಮಸ್ಯೆಯೇ ಇರಲಿಲ್ಲ, ಅಬ್ಬಾಸಾಕ ಇದ್ದರಲ್ಲ. ಎರಡು ವಾರ ಸಮಸ್ಯೆ ಹುಡುಕಿ ಸೋತು, ಮೂರನೆಯ ವಾರ ಒಂದು ನೋಟ್‌ಬುಕ್ ಹಿಡಿದುಕೊಂಡು ಕೆಳಗಿಳಿದು ಅವರ ಪಕ್ಕದ ಬೆಂಚಿನಲ್ಲಿ ಕುಳಿತೆ. ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಚಾ ಕುಡಿಸಿ ಒಬ್ಬ ಡ್ರೈವರನ್ನು ತಡೆಯುವುದಕ್ಕೆ 'ಸಂಘರ್ಷ ನಿರ್ವಹಣೆ' ಎಂದು ಹೆಸರಿಟ್ಟೆ. ಎರಡು ಬೆರಳಿಗೆ ಇಂಗ್ಲಿಷಿನಲ್ಲಿ ಒಂದೂವರೆ ಸಾಲಿನ ಹೆಸರು ಸಿಕ್ಕಿತು. ನರ್ಸಮ್ಮ ಒಂದು ನಕ್ಷೆಯೊಳಗೆ ಬಾಣದ ಗುರುತಾಗಿ ಹೋದರು. ಕೊನೆಯ ಅಧ್ಯಾಯದಲ್ಲಿ, ಯಾವ ಪುಸ್ತಕದಿಂದ ಎತ್ತಿದೆನೋ ನೆನಪಿಲ್ಲ, "ಈ ವ್ಯವಸ್ಥೆಯ ಹೆಗ್ಗಳಿಕೆಯೆಂದರೆ ಇದು ಯಾವೊಬ್ಬ ವ್ಯಕ್ತಿಯನ್ನೂ ಅವಲಂಬಿಸಿಲ್ಲ" ಎಂದೂ ಬರೆದೆ. ವಾಕ್ಯ ಚೆನ್ನಾಗಿತ್ತು. ಸುಳ್ಳು ಎಂಬುದು ಆಗ ಮುಖ್ಯವೆನಿಸಲಿಲ್ಲ.

ಫಲಿತಾಂಶದ ಜೊತೆಗೆ ಕಾಗದ ಬಂತು. ಆ ವರ್ಷದ ಅತ್ಯುತ್ತಮ ಸಾಧಕ ಪದವೀಧರ ಎಂಬ ಪ್ರಶಸ್ತಿ ನನಗೆ! ಕಾಲೇಜಿನವರ ಕ್ರಮ ಏನೆಂದರೆ, ಪ್ರಶಸ್ತಿಯನ್ನು ಕಾಲೇಜಿನಲ್ಲಿ ಕೊಡುವುದಿಲ್ಲ, ಪದವೀಧರ ದುಡಿಯುವ ಜಾಗಕ್ಕೇ ಬಂದು ಕೊಡುತ್ತಾರೆ. ಧಣಿಗಳಿಗೆ ಹೇಳಿದೆ. ಅವರು ವರದಿಯನ್ನು ಕೇಳಿ ಪಡೆದು, ಎರಡು ದಿನ ಇಟ್ಟುಕೊಂಡು, ಪೂರ್ತಿ ಓದಿದರು. ನಮ್ಮಲ್ಲಿ ವರದಿಗಳನ್ನು ಯಾರಾದರೂ ಪೂರ್ತಿ ಓದುತ್ತಾರೆ ಎಂದು ಕಾಲೇಜಿನಲ್ಲಿ ನಮಗೆ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ. ಮೂರನೆಯ ದಿನ ಕರೆಸಿದರು.

"ಒಳ್ಳೆದುಂಟು" ಎಂದರು. "ಯಾರನ್ನೂ ಅವಲಂಬಿಸಿಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಅಬ್ಬಾಸ ಸ್ಟೇಂಡಿನಲ್ಲಿ ಬೇಡ ಅಲ್ವಾ? ಬೆಳ್ತಂಗಡಿ ಶೆಡ್ಡಿನಲ್ಲಿ ಟಯರು ಸ್ಪೇರ್ ಪಾರ್ಟ್ ನೋಡಿಕೊಳ್ಳಲಿಕ್ಕೆ ಜನ ಇಲ್ಲ. ಅಲ್ಲಿಗೆ ಕಳಿಸುವ."

ಆ ಕ್ಷಣದಲ್ಲಿ ನಾನು ಹೇಳಬೇಕಾಗಿದ್ದ ಮಾತು ಬಹಳ ಚಿಕ್ಕದು. "ಧಣಿ, ಆ ವ್ಯವಸ್ಥೆ ಅಂದರೆ ಅಬ್ಬಾಸಾಕನೇ." ಐದೇ ಶಬ್ದ. ಆದರೆ ಆ ಐದು ಶಬ್ದ ಹೊರಬಂದರೆ ಶಾಲು ನನ್ನ ಹೆಗಲಿನಿಂದ ಜಾರುತ್ತದೆ ಎಂದು ಕಂಡಿತು. ನಲವತ್ತಮೂರು ವರ್ಷ ಕಾದ ಶಾಲು. "ಆಗಬಹುದು ಧಣಿ" ಎಂದೆ. ಅದರ ಮೇಲೆ, ಸಮಾರಂಭದ ದಿನ ಅಬ್ಬಾಸಾಕ ಅಲ್ಲಿ ಇಲ್ಲದಿದ್ದರೆ ನನಗೂ ಅನುಕೂಲ ಎಂಬ ಯೋಚನೆಯೂ ಬಂತು ಎಂದು ಹೇಳಿಬಿಡುತ್ತೇನೆ. ಎಲ್ಲ ಹೇಳುವಾಗ ಇದನ್ನೊಂದು ಮುಚ್ಚಿಟ್ಟು ಏನು ಪ್ರಯೋಜನ?

ಅಬ್ಬಾಸಾಕನಿಗೆ ನಾನೇ ತಿಳಿಸಬೇಕಾಯಿತು. ನಾವು ಮಾತಾಡುವುದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ. ಅವರು ಸೀಟಿಯನ್ನು ಮುಂಡಿನ ತುದಿಯಲ್ಲಿ ಒರೆಸುತ್ತಾ ಕೇಳಿದರು. ಫರಂಗಿಪೇಟೆಯಿಂದ ಬೆಳ್ತಂಗಡಿಗೆ ದಿನಾ ಹೋಗಿ ಬರುವುದು ಅರುವತ್ತು ದಾಟಿದ ಮೊಣಗಂಟಿಗೆ ಏನು ಎಂದು ಇಬ್ಬರಿಗೂ ಗೊತ್ತಿತ್ತು.

"ಟಯರು ಮಾತಾಡ್ತದಾ ಮೇನೇಜ್ರೇ?" ಎಂದರು. "ನನಗೆ ಜನ ಇಲ್ಲದ ಜಾಗದಲ್ಲಿ ಕೂತು ಅಭ್ಯಾಸ ಇಲ್ಲ." ಒರೆಸಿದ ಸೀಟಿಯನ್ನು ಕಿಸೆಗೆ ಹಾಕಿ, "ಆ ನಿಮ್ಮ ಪುಸ್ತಕದಲ್ಲಿ ನನ್ನ ಹೆಸರು ಉಂಟಾ?" ಎಂದರು.

"ಕೃತಜ್ಞತೆಯ ಪುಟದಲ್ಲಿ ಉಂಟು. ಬಸ್ಸು ನಿಲ್ದಾಣದ ಸಿಬ್ಬಂದಿ ವರ್ಗ ಅಂತ."

"ಆಯ್ತಲ್ಲ," ಎಂದು ನಕ್ಕರು. "ನಾನೊಬ್ಬನೇ ಒಂದು ವರ್ಗ ಆದೆ."

ಆ ನಗು ನನಗೆ ಬಹಳ ನಾಚಿಕೆ ತಂದಿತು. ನಾಚಿಕೆಯನ್ನು ಮರೆಯಲು ನಾನು ಆಫೀಸಿಗೆ ಹೋಗಿ ನನ್ನ ಸನ್ಮಾನ ಪತ್ರ ಬರೆಯಲು ಕುಳಿತೆ. "ಮಾನ್ಯರೇ" ಎಂದು ಬರೆದೆ. ನನ್ನನ್ನು ನಾನೇ ಮಾನ್ಯರೇ ಎಂದು ಕರೆದದ್ದು ಅದೇ ಮೊದಲು, ಚೆನ್ನಾಗಿಯೇ ಇತ್ತು. "ಸಮಯಪಾಲನೆಯ ಹರಿಕಾರರೇ" ಎಂದು ಬರೆದೆ. "ತಾವು ಬಾಲ್ಯದಿಂದಲೇ" ಎಂದು ಬರೆದು ನಿಂತೆ. ಬಾಲ್ಯದಿಂದಲೇ ನಾನು ಏನು? ಮನೆಗೆ ಹೋಗಿ ವಾರಿಜಳನ್ನು ಕೇಳಿದೆ. "ಬಾಲ್ಯ ನನಗೆ ಗೊತ್ತಿಲ್ಲ. ಮದುವೆಯ ದಿನ ಮುಹೂರ್ತಕ್ಕೆ ಇಪ್ಪತ್ತು ನಿಮಿಷ ತಡವಾಗಿ ಬಂದದ್ದು ನೆನಪುಂಟು. ಬಸ್ಸು ಸಿಗಲಿಲ್ಲ ಅಂತ ಹೇಳಿದ್ದಿರಿ" ಎಂದಳು. ಆ ಸಾಲು ಹೊಡೆದುಹಾಕಿದೆ. ಮೂರು ದಿನ ಬರೆದೆ, ಆಫೀಸಿನ ಬಾಗಿಲು ಮುಂದೆ ಮಾಡಿಕೊಂಡು ಬರೆದೆ. ಸಮಾರಂಭದ ಹಿಂದಿನ ದಿನ ಅಬ್ಬಾಸಾಕ ಬಾಗಿಲು ತಟ್ಟಿ ಏನೋ ಹೇಳಲು ಬಂದರು. "ನಾಳೆ" ಎಂದೆ. ನಾಳೆ ಅವರು ಬೆಳ್ತಂಗಡಿಯಲ್ಲಿ ಇರುತ್ತಾರೆ ಎಂಬುದು ಅವರು ಮೆಟ್ಟಿಲಿಳಿದ ಮೇಲೆ ನೆನಪಾಯಿತು.

ಸಮಾರಂಭದ ಹೊತ್ತನ್ನು ನಾಲ್ಕು ಗಂಟೆಗೆ ಇಟ್ಟಿದ್ದೆವು. ಕಾರಣ ಧಣಿಗಳು. ಜೈನರ ಕ್ರಮದಂತೆ ಅವರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವವರಲ್ಲ. ಆರಕ್ಕೆ ಮೊದಲು ಮನೆ ಸೇರಬೇಕು. ಹಾಗಾಗಿ ನಮ್ಮ ಕಂಪೆನಿಯ ಎಲ್ಲ ಶುಭಕಾರ್ಯಗಳೂ ನಾಲ್ಕು ಗಂಟೆಗೇ. ನಾಲ್ಕು ಗಂಟೆಗೆ ಬಿ.ಸಿ.ರೋಡಿನ ಎಲ್ಲ ಶಾಲೆಗಳೂ ಬಿಡುತ್ತವೆ ಎಂಬುದನ್ನು ಸಮಯಪಾಲನೆಯ ಹರಿಕಾರರು ಮರೆತಿದ್ದರು. ಸ್ಟೇಂಡಿನ ಪಕ್ಕದ ಖಾಲಿ ಜಾಗದಲ್ಲಿ ಶಾಮಿಯಾನ ಬಂತು. ಅಬ್ಬಾಸಾಕ ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಚಾರ್ಟ್ ತೂಗುಹಾಕಿಸಿದೆ: ಬಾಗಿಲಿನಷ್ಟು ದೊಡ್ಡದು, ನಾಲ್ಕು ಬಣ್ಣ, ನಿಮಿಷ ನಿಮಿಷಕ್ಕೂ ಯಾವ ಬಸ್ಸು ಎಂದು ಅದರಲ್ಲಿ ಇತ್ತು. ಡ್ರೈವರ್‌ಗಳು ಅದನ್ನು ನೋಡಿ ತಾವೇ ಹೊರಡಬೇಕು. ಪ್ರೊಫೆಸರ್ ಕಾಮತರು ಒಂದು ಹೆಜ್ಜೆ ಮುಂದೆ ಹೋಗಿ, ತಾವು ಮೂಡುಬಿದಿರೆಯಿಂದ ನಮ್ಮ ಬಸ್ಸಿನಲ್ಲೇ ಬಂದು ವ್ಯವಸ್ಥೆಯನ್ನು ಸ್ವತಃ ಅನುಭವಿಸುವುದಾಗಿ ಫೋನು ಮಾಡಿದರು.

ಅನುಭವಿಸಿದರು. ಮೂರೂ ಮುಕ್ಕಾಲಿಗೆ ಬರಬೇಕಾಗಿದ್ದ ಪೊಳಲಿ ಬಸ್ಸು ಆ ದಿನ ಹೊತ್ತಿಗೆ ಬರಲಿಲ್ಲ. ಚಾರ್ಟ್ ಪ್ರಕಾರ ಮೂಡುಬಿದಿರೆ ಬಸ್ಸು ಒಂದು ಕ್ಷಣವೂ ಹೆಚ್ಚು ಕಡಿಮೆಯಾಗದೆ, ಅರ್ಧ ಖಾಲಿಯಾಗಿ ಹೊರಟು ಹೋಯಿತು. ಅದು ಹೋದ ಆರು ನಿಮಿಷಕ್ಕೆ ಪೊಳಲಿ ಬಸ್ಸು ಬಂದು ಅರುವತ್ತು ಜನರನ್ನು ಇಳಿಸಿತು. ನರ್ಸಮ್ಮನನ್ನು ಮುಂದಿಟ್ಟುಕೊಂಡು ಆ ಅರುವತ್ತೂ ಜನ ಹೋದ ಬಸ್ಸನ್ನು ವಿಚಾರಿಸಲು ರಸ್ತೆಗೇ ಇಳಿದರು. ಇಷ್ಟು ಜನರನ್ನು ಕಂಡ ಬೆಳ್ತಂಗಡಿ ಎಕ್ಸ್‌ಪ್ರೆಸ್ಸಿನವನು ಆಸೆ ತಡೆಯಲಾರದೆ ಅಡ್ಡ ನಿಲ್ಲಿಸಿದ. ಅವನ ಹಿಂದಿನ, ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಸರ್ವಿಸ್ ಬಸ್ಸಿನವನು ಇಳಿದು ಬಂದು ಚಾರ್ಟಿನ ಎದುರು ನಿಂತು, ಇದು ನನ್ನ ಟೈಮು ಎಂದು ಬೆರಳಿಟ್ಟ. ಎಕ್ಸ್‌ಪ್ರೆಸ್ಸಿನವನೂ ಬಂದು ಅದೇ ಗೆರೆಯ ಮೇಲೆ ಬೆರಳಿಟ್ಟ. ಇಬ್ಬರೂ ಹೇಳುವುದು ಸರಿಯಿತ್ತು. ನಾನು ನಾಲ್ಕು ಬಣ್ಣ ಹಾಕಿಸಿದ್ದೆನೇ ಹೊರತು ಇಬ್ಬರಿಗೂ ಒಂದೇ ಹೊತ್ತು ಕೊಟ್ಟದ್ದನ್ನು ನೋಡಿರಲಿಲ್ಲ. ಇದನ್ನೆಲ್ಲ ಬರೆಯದೆಯೇ ಸರಿಮಾಡುತ್ತಿದ್ದವರು ಬೆಳ್ತಂಗಡಿಯಲ್ಲಿ ಟಯರುಗಳ ನಡುವೆ ಇದ್ದರು. ಶಾಲೆಯ ಮಕ್ಕಳು ಬಂದರು. ಹಾರ್ನುಗಳು ಶುರುವಾದವು.

ನಾಲ್ಕೂ ಇಪ್ಪತ್ತಕ್ಕೆ ಕಾಮತರು ಪ್ರಶಸ್ತಿಯ ಫಲಕವನ್ನು ಎದೆಗೆ ಅಪ್ಪಿಕೊಂಡು ನಡೆದೇ ಬಂದರು. ಅವರ ಬಸ್ಸು ಕಾಲು ಮೈಲು ದೂರದಲ್ಲಿ ಸಿಕ್ಕಿಬಿದ್ದಿತ್ತು. ಧಣಿಗಳು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಆಕಾಶ ನೋಡಿದರು, "ಶುರು ಮಾಡುವ" ಎಂದರು. ಸನ್ಮಾನ ಪತ್ರ ಓದಲು ನಾನು ಒಪ್ಪಿಸಿದ್ದು ನಮ್ಮ ಸಹಕಾರಿ ಸಂಘದ ಕಾರ್ಯದರ್ಶಿಗಳನ್ನು. ತರಗತಿಯಲ್ಲಿ ಉಳಿಸಿಕೊಂಡ ದನಿಯನ್ನೆಲ್ಲ ಅವರು ಅಲ್ಲಿ ಬಳಸಿದರು. "ಸಮಯಪಾಲನೆಯ ಹರಿಕಾರರೇ!" ಎಂದರು. ಎಕ್ಸ್‌ಪ್ರೆಸ್ಸು ಹಾರ್ನ್ ಮಾಡಿತು. "ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಪ್ರಯಾಣಿಕರ ಕಣ್ಮಣಿಯೇ!" ಎಂದರು. ರಸ್ತೆಯಿಂದ ನರ್ಸಮ್ಮ, "ಎಲ್ಲಿದ್ದಾನೆ ಆ ಮೇನೇಜರು?" ಎಂದದ್ದು ಮೈಕಿಗಿಂತ ಸ್ಪಷ್ಟವಾಗಿ ಕೇಳಿಸಿತು. ತಲೆ ತಗ್ಗಿಸಿ ಕೂರುವುದು ಕಷ್ಟ ಎಂದೆನಲ್ಲ, ಆ ದಿನ ಬಹಳ ಸುಲಭವಾಯಿತು. ಪೇಟ ಹಣೆಯ ಮೇಲೆ ಇಳಿದು ಅರ್ಧ ಮುಖ ಮುಚ್ಚಿದ್ದಕ್ಕೆ ದೇವರಿಗೆ ಕೈ ಮುಗಿದೆ. ವಾರಿಜ ಮೂರನೆಯ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ಅಳುತ್ತಿದ್ದಾಳೆ ಎಂದು ಪಕ್ಕದವರು ತಿಳಿದಿರಬೇಕು.

ಆಗ ಸೀಟಿ ಕೇಳಿಸಿತು. ಒಂದು ಉದ್ದ, ಎರಡು ಗಿಡ್ಡ. ನಾನು ಪೇಟ ಮೇಲೆತ್ತಿ ನೋಡಿದೆ. ಅಬ್ಬಾಸಾಕ ರಸ್ತೆಯ ನಡುವೆ ಕೊಡೆ ಎತ್ತಿ ನಿಂತಿದ್ದರು. ಎಕ್ಸ್‌ಪ್ರೆಸ್ಸಿನವನಿಗೆ ಏನೋ ಹೇಳಿದರು, ಅವನು ನಗುತ್ತಾ ಗಾಡಿ ಹಿಂದೆ ತೆಗೆದ. ಸರ್ವಿಸ್ ಬಸ್ಸಿನವನ ಹೆಗಲ ಮೇಲೆ ಕೈ ಹಾಕಿದರು, ಅವನು ಚಾ ಕುಡಿಯಲು ಹೋದ. ಸ್ಟೇಂಡಿನ ಹಿಂದೆ ಖಾಲಿ ನಿಂತಿದ್ದ ಒಂದು ಬಸ್ಸನ್ನು ಕರೆಸಿ ಪೊಳಲಿಯ ಅರುವತ್ತು ಜನರನ್ನು ಅದರಲ್ಲಿ ತುಂಬಿಸಿ, ನರ್ಸಮ್ಮನಿಗೆ ಕಿಟಕಿಯ ಬದಿ ಸೀಟು ಕೊಡಿಸಿ, "ಪೋಯಿ" ಎಂದು ಬಸ್ಸು ಹೊರಡಿಸಿದರು. ಹತ್ತು ನಿಮಿಷ ಆಗಿರಬಹುದು. ಸ್ಟೇಂಡು ಎಂದಿನ ಸ್ಟೇಂಡಾಯಿತು. ಸಭೆಯವರೆಲ್ಲ ವೇದಿಕೆಗೆ ಬೆನ್ನು ಹಾಕಿ ಅದನ್ನೇ ನೋಡುತ್ತಿದ್ದರು, ಕಾಮತರೂ ಸೇರಿ.

ಕಾಮತರು ಅವರನ್ನು ವೇದಿಕೆಗೇ ಕರೆಸಿದರು. ನಾನು ಎತ್ತಿದ್ದ ಪೇಟವನ್ನು ಮತ್ತೆ ಹಣೆಗೆ ಇಳಿಸಿಕೊಂಡೆ. "ಇವತ್ತು ಹೀಗಾಗ್ತದೆ ಅಂತ ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದರು.

ಮೈಕು ಕಂಡ ಅಬ್ಬಾಸಾಕ ತುಳು ಬಿಟ್ಟು ಶಾಲೆಯ ಕನ್ನಡಕ್ಕೆ ಬಂದರು. "ಪೊಳಲಿಯಲ್ಲಿ ಇವತ್ತು ಎರಡು ಮದುವೆ ಉಂಟು ಸರ್. ಬಸ್ಸು ತಡವಾಗ್ತದೆ. ನಿನ್ನೆ ಹೇಳುವ ಅಂತ ಹೋಗಿದ್ದೆ, ಮೇನೇಜರರು ಏನೋ ಮುಖ್ಯವಾದದ್ದು ಬರೀತಾ ಇದ್ದರು. ಶೆಡ್ಡಿನಲ್ಲಿ ಮನಸ್ಸು ನಿಲ್ಲಲಿಲ್ಲ, ಎರಡೂವರೆಯ ಬಸ್ಸು ಹಿಡಿದು ಬಂದೆ."

"ಹಾಗಾದರೆ ಈ ವ್ಯವಸ್ಥೆಯೆಲ್ಲ ಯಾರದ್ದು?" ಎಂದರು ಕಾಮತರು. ಕೇಳಿದ್ದು ಅವರನ್ನು, ನೋಡಿದ್ದು ನನ್ನನ್ನು.

ಅಬ್ಬಾಸಾಕ ನನ್ನ ಪೇಟ ನೋಡಿದರು, ಹಾರ ನೋಡಿದರು, ಹಣ್ಣಿನ ಬುಟ್ಟಿ ನೋಡಿದರು. ನನ್ನ ಮಾನ ಅವರ ನಾಲಗೆಯ ತುದಿಯಲ್ಲಿತ್ತು.

"ಎಲ್ಲ ಮೇನೇಜರರ ಪುಸ್ತಕದಲ್ಲಿ ಉಂಟು ಸರ್," ಎಂದರು. "ಒಳ್ಳೆಯ ಪುಸ್ತಕ. ಆದರೆ ಇವತ್ತು ಬೆಳಿಗ್ಗೆ ಧಣಿಗಳು ಆ ಪುಸ್ತಕವನ್ನು ಬೆಳ್ತಂಗಡಿಗೆ ಕಳಿಸಿದ್ದರು. ಹಾಗೆ ಸ್ವಲ್ಪ ತೊಂದರೆಯಾಯಿತು."

ಮೊದಲು ನಕ್ಕವರು ಧಣಿಗಳು. ಅವರು ನಕ್ಕದ್ದನ್ನು ನಾನು ನೋಡಿದ್ದು ನೌಕರಿಗೆ ಸೇರಿದ ಮೇಲೆ ಅದೇ ಮೊದಲು. "ಪುಸ್ತಕ ನಾಳೆಯಿಂದ ಇಲ್ಲೇ ಇರಲಿ" ಎಂದರು. ನಾನು ಎದ್ದು ನಿಂತು ಶಾಲು ತೆಗೆದು ಅಬ್ಬಾಸಾಕನಿಗೆ ಹೊದೆಸಲು ಹೋದೆ. ಆ ಹೊತ್ತಿನಲ್ಲಿ ನಾನು ನಿಜವಾಗಿಯೂ ಹೊದೆಸಬೇಕೆಂದಿದ್ದೆ, ಎಲ್ಲವನ್ನೂ ಮೈಕಿನಲ್ಲಿ ಹೇಳಬೇಕೆಂದಿದ್ದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ಬೇಡ ಮೇನೇಜ್ರೇ, ಸೆಕೆ. ನೀವೇ ಹಾಕಿಕೊಳ್ಳಿ, ನಿಮಗೆ ಬೇಕಾಗಿತ್ತಲ್ಲ" ಎಂದು ಸಣ್ಣ ದನಿಯಲ್ಲಿ ಹೇಳಿ, ನಾಲ್ಕೂ ಐವತ್ತರ ಬಸ್ಸು ಬಿಡಲು ಕೆಳಗಿಳಿದರು. ಧಣಿಗಳು ಆಕಾಶ ನೋಡಿದರು. ಧನ್ಯವಾದ ಹೇಳುವವರು ಮೈಕನ್ನು ನನಗಿಂತ ಮೊದಲೇ ತೆಗೆದುಕೊಂಡರು.

ಇದೆಲ್ಲ ನಡೆದು ಕೆಲವು ವರ್ಷಗಳಾದವು. ಬಸ್ಸು ತಡವಾದಾಗ ಕಾಯುವವರಿಗೆ ಬೇಸರವಾಗದಿರಲಿ ಎಂದು ಅಬ್ಬಾಸಾಕ ಈ ಕತೆಯನ್ನು ಸ್ಟೇಂಡಿನಲ್ಲಿ ಹೇಳುತ್ತಾರೆ. ಬಹಳ ಚೆನ್ನಾಗಿ ಹೇಳುತ್ತಾರೆ. ಪೇಟ ಹಣೆಗಿಳಿದದ್ದು, ನರ್ಸಮ್ಮನ ಕೂಗು, ವಾರಿಜಳ ಸೆರಗು, ಯಾವುದನ್ನೂ ಬಿಡುವುದಿಲ್ಲ. ಮಾಳಿಗೆಯ ಕಿಟಕಿಯಿಂದ ಇಪ್ಪತ್ತು ಸಲವಾದರೂ ಕೇಳಿದ್ದೇನೆ. ಮೊನ್ನೆ ಒಂದು ಪತ್ರಿಕೆಯವರು ಹಾಸ್ಯ ಪ್ರಬಂಧಗಳ ಸ್ಪರ್ಧೆ ಇದೆ, ಗೆದ್ದವರಿಗೆ ಸನ್ಮಾನವೂ ಇದೆ ಎಂದು ಪ್ರಕಟಿಸಿದರು. ನಾನು ನೋಟ್‌ಬುಕ್ ಹಿಡಿದುಕೊಂಡು ಕೆಳಗಿಳಿದು ಅದೇ ಬೆಂಚಿನಲ್ಲಿ ಕುಳಿತು, ಅವರು ಹೇಳಿದ ಹಾಗೆಯೇ ಬರೆದುಕೊಂಡೆ. ಬರೆದ ಮೇಲೆ ಓದಿ ಹೇಳಿದೆ; ಮೂರು ಕಡೆ ತಿದ್ದಿದರು. ಕೊನೆಗೆ, "ಹೆಸರು ಯಾರದ್ದು ಹಾಕ್ತೀರಿ?" ಎಂದು ಕೇಳಿದರು. ನಾನು ಉತ್ತರಿಸುವಷ್ಟರಲ್ಲಿ ಪುಣ್ಯಕ್ಕೆ ಮೂಡುಬಿದಿರೆ ಬಸ್ಸು ಬಂತು.